ಸಾಣಿಗಿ ಎಲ್ಲೈತಿ?

ರುಕ್ಸಾರ ಕಂಪ್ಯೂಟರಿನ ಮುಂದೆ ಕೂತರೆ ಮೊದಲು ಒತ್ತುತ್ತಿದ್ದುದು ಮೂರೇ ಅಕ್ಷರ: ಪಿ, ಡಬ್ಲ್ಯೂ, ಡಿ. ‘ಈಗ ನಾನು ಎಲ್ಲಿದ್ದೇನೆ’ ಎಂದು ಯಂತ್ರವನ್ನು ಕೇಳುವ ಅಪ್ಪಣೆ ಅದು. ಯಂತ್ರ ಜಾಗದ ಹೆಸರು ಹೇಳಿದ ಮೇಲೆಯೇ ಅವಳ ಬೆರಳು ಮುಂದೆ ಹೋಗುತ್ತಿತ್ತು. ಅದೇ ಆಫೀಸು, ಅದೇ ಖುರ್ಚಿ, ದಿನಕ್ಕೆ ಹತ್ತು ಸಲ ಯಾಕೆ ಕೇಳುತ್ತೀ ಎಂದು ಒಮ್ಮೆ ವಿಚಾರಿಸಿದೆ.

“ಖುರ್ಚಿ ಅದೇ ಐತ್ರಿ ಅಕ್ಕಾರ. ಒಳಗ ಯಾವ ಕೋಣ್ಯಾಗ ನಿಂತೀನಿ ಅನ್ನೂದು ಖುರ್ಚಿಗೆ ಗೊತ್ತಿರಂಗಿಲ್ಲ,” ಎಂದಳು. ಕಡತಗಳನ್ನು ಇಡುವ ಫೋಲ್ಡರನ್ನು ಅವಳು ಕೋಣೆ ಎನ್ನುತ್ತಿದ್ದಳು.

ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಜಗ್ಗಿ ನೋಡುವವಳು ನಾನು. ನನಗೆ ಆ ಉತ್ತರ ಹಿಡಿಸಿತು. ಇಪ್ಪತ್ತೆರಡು ವರ್ಷದ ಹುಡುಗಿಯಲ್ಲಿ ಅಂಥ ಎಚ್ಚರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ಎಚ್ಚರದಲ್ಲಿ ಹೆದರಿಕೆ ಇತ್ತು. ಅವಳದರಲ್ಲಿ ಇರಲಿಲ್ಲ.

ಇದು ೨೦೦೬ರ ಮಾತು. ಜತ್ತದಲ್ಲಿ ಕುರಿಗಾರರಿಗಾಗಿ ಕೆಲಸ ಮಾಡುವ ಒಂದು ಸಣ್ಣ ಟ್ರಸ್ಟಿನಲ್ಲಿ ನಾನು ದಾಖಲೆ ನೋಡಿಕೊಳ್ಳುತ್ತಿದ್ದೆ. ಬಿಜಾಪುರದಲ್ಲಿ ಬಿ.ಎಸ್‌ಸಿ. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದು ಹತ್ತು ವರ್ಷವಾಗಿತ್ತು. ರುಕ್ಸಾರ ನನ್ನ ಕೈಕೆಳಗೆ ಸೇರಿದ್ದು ಹಿಂದಿನ ವರ್ಷ. ಅವಳ ಅಪ್ಪ ಗುಲಾಬ ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಸಾಣೆಕಲ್ಲು ಇಟ್ಟುಕೊಂಡು ಉಣ್ಣೆ ಕತ್ತರಿಗಳನ್ನು ಹರಿತ ಮಾಡುತ್ತಿದ್ದ. ತಾಲೂಕಿನ ಕುರಿಗಾರರಿಗೆಲ್ಲ ಅವನ ಪರಿಚಯ. ಹಾಗಾಗಿ ರುಕ್ಸಾರ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಗುಲಾಬನ ಮಗಳು ಎಂದರೆ ತಿಳಿಯುತ್ತಿತ್ತು. ಒಂದು ವರ್ಷದ ಕಂಪ್ಯೂಟರ್ ಕೋರ್ಸು ಮಾಡಿದ್ದಳು. ಯಾವುದೋ ಕಾಲೇಜು ಬೇಡವೆಂದು ಕೊಟ್ಟ ನಮ್ಮ ಹಳೆಯ ಯಂತ್ರಗಳಲ್ಲಿದ್ದದ್ದು ಲಿನಕ್ಸ್. ಅದನ್ನು ಆ ಕೋರ್ಸಿನಲ್ಲಿ ಕಲಿಸಿರಲಿಲ್ಲ. ಮೇಲುಹೊದಿಕೆ ಹರಿದ ಒಂದು ದಪ್ಪ ಪುಸ್ತಕ ಇಟ್ಟುಕೊಂಡು ತಾನೇ ಕಲಿತಳು. ತಿಳಿಯದ ಪುಟಕ್ಕೆ ಜೋಳದ ದಂಟಿನ ಸಿಬರು ಸಿಕ್ಕಿಸುತ್ತಿದ್ದಳು. ತಿಳಿದ ದಿನ ಕಿತ್ತು ಬಿಸಾಡುತ್ತಿದ್ದಳು.

ನಮ್ಮ ಕೆಲಸ ಹೀಗಿತ್ತು. ಪ್ರತಿ ಕುರಿಯ ಕಿವಿಗೂ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಆ ನಂಬರು, ಹುಟ್ಟಿದ ದಿನ, ಹಿಂದೆ ಲಸಿಕೆಯ ಸೂಜಿ ಹಾಕಿಸಿದ ದಿನ, ಇಷ್ಟನ್ನು ಕಂಪ್ಯೂಟರಿಗೆ ಬರೆಯುವುದು. ದೀಪಾವಳಿ ಕಳೆದ ಮೇಲೆ ಕುರಿಹಿಂಡುಗಳು ಹೊಳೆಸಾಲಿನ ಕಡೆ ಹೊರಡುತ್ತವೆ, ಬರುವುದು ಯುಗಾದಿಗೆ. ಹೊರಡುವ ಮೊದಲು ಮೂಗು ಸೋರುವ ಬ್ಯಾನಿಗೆ, ಎಂದರೆ ರೋಗಕ್ಕೆ, ಸೂಜಿ ಆಗಬೇಕು. ನಾಲ್ಕು ತಿಂಗಳು ತುಂಬದ ಮರಿಗೆ ಹಾಕುವಂತಿಲ್ಲ, ಮೂರು ವರ್ಷದೊಳಗೆ ಹಾಕಿಸಿಕೊಂಡದ್ದಕ್ಕೆ ಮತ್ತೆ ಬೇಡ. ಯಾವ ನಂಬರಿಗೆ ಈ ಸಲ ಹಾಕಬೇಕು ಎಂಬ ಯಾದಿ ಡಾಕ್ಟರ ಕೈಗೆ ಹೋಗಬೇಕು.

ಆ ಯಾದಿ ಮಾಡಲು ರುಕ್ಸಾರ ಎರಡು ಕಡತ ಬರೆದಿದ್ದಳು. ಒಂದಕ್ಕೆ ‘ಸಾಣಿಗಿ’ ಎಂದು ಹೆಸರು, ಹಿಟ್ಟು ಸೋಸುವ ಜರಡಿಯ ಹೆಸರು. ಅದು ಸಿ ಭಾಷೆಯ ಪ್ರೋಗ್ರಾಮು. ಸಾವಿರಾರು ನಂಬರುಗಳನ್ನು ಸೋಸಿ ಸೂಜಿ ಬೇಕಾದವನ್ನಷ್ಟೇ ಉಳಿಸುತ್ತಿತ್ತು. ಇನ್ನೊಂದು ‘ಯಾದಿ’. ಅದು ಶೆಲ್ ಸ್ಕ್ರಿಪ್ಟು, ಎಂದರೆ ಒಂದರ ಕೆಳಗೊಂದು ಬರೆದಿಟ್ಟ ಅಪ್ಪಣೆಗಳು: ತಲೆಬರಹ ಹಾಕು, ಸಾಣಿಗಿಯನ್ನು ಕರೆ, ಅದು ಕೊಟ್ಟದ್ದನ್ನು ಪ್ರಿಂಟರಿಗೆ ಕಳಿಸು. ಯಾದಿಗೆ ಸ್ವಂತ ಬುದ್ಧಿ ಇರಲಿಲ್ಲ. ಬುದ್ಧಿಯೆಲ್ಲ ಸಾಣಿಗಿಯದು. ಆದರೆ ಯಾದಿ ಕರೆಯದೆ ಸಾಣಿಗಿ ಏಳುತ್ತಿರಲಿಲ್ಲ.

ಯಾದಿ ಯಾಕೆ ಬೇಕಾಯಿತು ಎಂಬುದಕ್ಕೆ ಕಾರಣ ಕುಣಿಕೋಣೂರಿನ ಸಂಗವ್ವ. ಹಿಂದಿನ ವರ್ಷ ಅಲ್ಲಿ ನಾಲ್ಕು ಹಿಂಡು ಒಟ್ಟಿಗೆ ಸೇರಿದ್ದವು. ಯಾದಿ ಇರಲಿಲ್ಲ. ಕೈಗೆ ಸಿಕ್ಕ ಕುರಿಗೆ ಸೂಜಿ ಬಿತ್ತು. ಕೆಲವಕ್ಕೆ ಎರಡೆರಡು ಬಾರಿ. ಕೊನೆಗೆ ಉಳಿದದ್ದು ಸಂಗವ್ವ ಮತ್ತು ಅವಳ ಗಂಡ ಅಮಸಿದ್ದನ ಹಿಂಡು, ಅಷ್ಟು ಹೊತ್ತಿಗೆ ಬಾಟಲಿ ಖಾಲಿ. ಹೊಳೆಸಾಲಿನಲ್ಲಿ ಆ ಚಳಿಗಾಲ ಅವಳ ಮೂವತ್ತೆಂಟು ಮರಿ ಸತ್ತವು. ನಾನು ದಾಖಲೆಗೆ ಕೇಳಿದಾಗ “ಮೂವತ್ತೆಂಟ” ಎಂದಳು, ಎದ್ದು ಹೋದಳು. ಅಂದಿನಿಂದ ಸೂಜಿ ಹಾಕುವ ದನದ ಡಾಕ್ಟರು ಮಹಾಂತರದು ಒಂದೇ ಮಾತು: ಯಾದಿ ಕೊಡ್ರಿ, ಸೂಜಿ ಹಾಕತೀನಿ, ಯಾದಿ ಇಲ್ಲ, ಡಬ್ಬಿ ತೆರೆಯಂಗಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಮುಚ್ಚಂಡಿಯ ಯಾದಿಗೆ. ಆ ಹಳ್ಳಿಯ ದಾಖಲೆ ನಮ್ಮ ಆಫೀಸಿಗೇ ಬಂದಿತ್ತು. ರುಕ್ಸಾರ ಊಟಕ್ಕೆ ಹೋಗಿದ್ದಳು, ಡಾಕ್ಟರು ಮೋಟರ್‌ಸೈಕಲ್ ಮೇಲೆ ಬಂದು ಬಾಗಿಲಲ್ಲೇ ನಿಂತರು. ನಾನೇ ಯಾದಿಯನ್ನು ಓಡಿಸಿದೆ. ಒಂದು ಹಾಳೆ ಹೊರಬಂತು. ಮೇಲೆ ಹಳ್ಳಿಯ ಹೆಸರು, ದಿನಾಂಕ, ಡಾಕ್ಟರ ಹೆಸರು. ಕೆಳಗೆ ಬಿಳಿ.

“ಚಲೋ ಆತಲ್ರಿ! ಮುಚ್ಚಂಡ್ಯಾಗ ಒಂದೂ ಬಾಕಿ ಇಲ್ಲ,” ಎಂದು ಡಾಕ್ಟರು ಹಾಳೆ ಮಡಚಿ ಕಿಸೆಗೆ ಹಾಕಿ ಕಿಕ್ ಹೊಡೆದರು.

ಜ್ಯೇಷ್ಠದಲ್ಲಿ ಹುಟ್ಟಿ ನಾಲ್ಕು ತಿಂಗಳು ತುಂಬಿದ ಹದಿನಾಲ್ಕು ಮರಿಗಳ ನಂಬರನ್ನು ನಾನೇ ಬರೆದದ್ದು ನೆನಪಿತ್ತು. ಅವು ಹೇಗೆ ಬಾಕಿ ಇಲ್ಲದೆ ಹೋದಾವು? ಓಡಿ ಹೋಗಿ ಹ್ಯಾಂಡಲ್ ಹಿಡಿದೆ. ಡಾಕ್ಟರು ನಕ್ಕರು. “ಮೇಡಂ, ನೀವು ನನ್ನ ಹೆಂಡತೀನ ಮೀರಸ್ತೀರಿ. ಆಕಿ ಗಾಡಿ ಮುಂದ ನಿಂದ್ರತಾಳ, ಹಿಡಿಯಂಗಿಲ್ಲ.”

ರುಕ್ಸಾರ ಬಂದು ಹಾಳೆ ನೋಡಿದಳು. ಬಿಳಿಯ ಭಾಗದ ಮೇಲೆ ಕೈಯಾಡಿಸಿದಳು. “ಅಕ್ಕಾರ, ನೀವು ಓಡಿಸಿದಾಗ ಯಾವ ಕೋಣ್ಯಾಗ ಇದ್ರಿ?”

ಮರಿಗಳ ಹುಟ್ಟಿದ ದಿನ ಬರೆದಿಟ್ಟ ಕೋಣೆಯಲ್ಲಿ ನಾನಿದ್ದೆ. ಅಲ್ಲಿಂದಲೇ ಯಾದಿಯನ್ನು ಕರೆದಿದ್ದೆ. ತಪ್ಪು ತಿಳಿಯಿತು. ‘ನಿಂತಲ್ಲೇ ಬಾಜೂಕ ನೋಡು, ಅಲ್ಲಿ ಸಾಣಿಗಿ ಇರತೈತಿ’ ಎಂದು ಅವಳು ಯಾದಿಗೆ ಬರೆದಿದ್ದಳು. ಆದರೆ ನಿಂತವಳು ನಾನು, ಯಾದಿಯಲ್ಲ. ನನ್ನ ಪಕ್ಕದಲ್ಲಿ ಸಾಣಿಗಿ ಎಲ್ಲಿಂದ ಬರಬೇಕು? ಸಿಗಲಿಲ್ಲ ಎಂಬ ಸಂದೇಶವೇನೋ ಪರದೆಯ ಮೂಲೆಯಲ್ಲಿ ಬಂದಿತ್ತಂತೆ. ಡಾಕ್ಟರ ಗಡಿಬಿಡಿಯಲ್ಲಿ ನಾನು ಪ್ರಿಂಟರನ್ನೇ ನೋಡುತ್ತಿದ್ದೆ.

ಅವಳು ಎದೆ ಬಡಿದುಕೊಳ್ಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. “ಇದು ನಂದ ತಪ್ಪ. ನಾ ಯಾವಾಗ್ಲೂ ಅದೇ ಕೋಣ್ಯಾಗಿಂದ ಓಡಿಸ್ತಿದ್ದೆ, ಹಂಗಾಗಿ ಕಾಣಲಿಲ್ಲ,” ಎಂದು, ಸಾಣಿಗಿಯ ಪೂರ್ತಿ ವಿಳಾಸವನ್ನೇ ಯಾದಿಯಲ್ಲಿ ಬರೆದಳು. ಬುಡದಿಂದ ಹಿಡಿದು: ಇಂಥ ಮನೆ, ‘ರುಕ್ಸಾರ’ ಎಂಬ ಕೋಣೆ, ಅದರೊಳಗೆ ‘ಕುರಿ’, ಅದರೊಳಗೆ ಸಾಣಿಗಿ. ಎರಡನೇ ಹಾಳೆಯಲ್ಲಿ ಹದಿನಾಲ್ಕು ಮರಿಗಳೂ ಇದ್ದವು. ಡಾಕ್ಟರು ಹೋದರು.

ಮುಂದಿನ ವಾರ ಗುರುವಾರ ಎರಡು ಕಡೆ ಸೂಜಿ ಇತ್ತು, ಸಂಖದಲ್ಲಿ ಮತ್ತು ಕುಣಿಕೋಣೂರಿನಲ್ಲಿ. ಔಷಧ ಬರುವುದು ಒಂದೇ ದಿನ, ಮಂಜುಗಡ್ಡೆಯಲ್ಲಿ, ಮುಂದೂಡಲು ಬರುತ್ತಿರಲಿಲ್ಲ. ಸಂಖಕ್ಕೆ ಬೇರೆ ಡಾಕ್ಟರು, ಕುಣಿಕೋಣೂರಿಗೆ ಮಹಾಂತ ಡಾಕ್ಟರು. ಸಂಖದಲ್ಲಿ ಒಂಬತ್ತು ಹಿಂಡು, ನಾವಿಬ್ಬರೂ ಅಲ್ಲಿಗೇ ಬೇಕು. ಕುಣಿಕೋಣೂರಿನಲ್ಲಿ ಹಾಲಿನ ಸಂಘದ ಕೋಣೆಯಲ್ಲಿ ನಮ್ಮದೊಂದು ಯಂತ್ರ ಇತ್ತು. ಅದನ್ನು ನೋಡಿಕೊಳ್ಳುವವನು ಸಂಘದ ಲಗಮಣ್ಣ. ನಂಬರು ಬರೆಯಲು ಕಲಿತಿದ್ದ. ಉಳಿದಂತೆ ಪರದೆಯ ಮೇಲಿನ ಚಿತ್ರವನ್ನು ಮೌಸಿನಿಂದ ಎರಡು ಸಲ ಕುಟ್ಟುವುದೊಂದೇ ಅವನಿಗೆ ಬರುತ್ತಿದ್ದ ವಿದ್ಯೆ. ಸಂಗವ್ವನ ಹಿಂಡು ಗುರುವಾರ ಬೆಳಿಗ್ಗೆಯೇ ಊರು ಮುಟ್ಟುವುದು, ಶುಕ್ರವಾರ ನಸುಕಿಗೆ ಹೊಳೆಸಾಲಿಗೆ ಹೊರಡುವುದು. ಆದ್ದರಿಂದ ಯಾದಿಯನ್ನು ಮೊದಲೇ ಮಾಡಿ ಇಡಲು ಬರುವಂತಿರಲಿಲ್ಲ. ಕೈಯಲ್ಲಿ ಬರೆದಿಡೋಣವೆಂದರೆ ಅವಳ ಹೊಸ ಮರಿಗಳ ಕಿವಿಗೆ ಇನ್ನೂ ಬಿಲ್ಲೆಯೇ ಬಿದ್ದಿರಲಿಲ್ಲ. ಗುರುವಾರ ನಾವಿಲ್ಲದೆ, ಲಗಮಣ್ಣನ ಎರಡು ಕುಟ್ಟಿಗೆ ಹಾಳೆ ಬರಬೇಕು. ಬರದಿದ್ದರೆ ಹಿಂದಿನ ವರ್ಷವೇ ಮತ್ತೆ.

ಬುಧವಾರ ಇಬ್ಬರೂ ಕುಣಿಕೋಣೂರಿಗೆ ಹೋದೆವು. ಕರೆಂಟು ಒಂದೂವರೆಯವರೆಗೆ. ಸಿ.ಡಿ.ಯಿಂದ ಯಾದಿ, ಸಾಣಿಗಿ ಎರಡನ್ನೂ ಇಳಿಸಿ ಓಡಿಸಿದಳು. ಬಿಳಿ ಹಾಳೆ.

ರುಕ್ಸಾರ ತಲೆ ಚಚ್ಚಿಕೊಂಡಳು. “ಈ ಯಂತ್ರದಾಗ ‘ರುಕ್ಸಾರ’ ಅನ್ನೂ ಕೋಣಿನ ಇಲ್ಲಲ್ರಿ! ಇಲ್ಲಿ ‘ಸಂಘ’ ಐತಿ. ಜತ್ತದ ಮನಿ ವಿಳಾಸ ಹಿಡಕೊಂಡು ಕುಣಿಕೋಣೂರಾಗ ಮನಿ ಹುಡಕಿದಂಗಾತು.”

ಪೂರ್ತಿ ವಿಳಾಸ ಅಳಿಸಿದಳು. ಈ ಸಲ ಅವಳು ಬರೆದದ್ದು: ‘ನಿನ್ನನ್ನು ಯಾವ ಹೆಸರಿನಿಂದ ಕರೆದರೋ ಆ ಹೆಸರಿನಲ್ಲಿ ನಿನ್ನ ಜಾಗ ಇದೆ. ಆ ಜಾಗದಲ್ಲಿ ಸಾಣಿಗಿಯನ್ನು ಹುಡುಕು.’ ನಿಂತವಳ ಪಕ್ಕ ಅಲ್ಲ, ಯಾದಿಯ ಪಕ್ಕ. ಓಡಿಸಿದಳು, ಬಂತು. ಬೇರೆ ಕೋಣೆಗೆ ಹೋಗಿ ಅಲ್ಲಿಂದ ಕರೆದಳು, ಬಂತು. ನನಗೆ ಚಪ್ಪಾಳೆ ತಟ್ಟುವಷ್ಟು ಸಂತೋಷವಾಯಿತು. ಆಮೇಲೆ ಲಗಮಣ್ಣನಿಗಾಗಿ ಪರದೆಯ ಮೇಲೆ ಒಂದು ಚಿತ್ರ ಇಟ್ಟಳು. ಆ ಚಿತ್ರ ಯಾದಿಯಲ್ಲ; ಯಾದಿ ಒಳಗೆ ಇಂಥಲ್ಲಿದೆ ಎಂದು ತೋರಿಸುವ ಗುರುತು ಮಾತ್ರ. ಲಗಮಣ್ಣ ಬೆರಳಿಗೆ ಅಂಟಿದ ಹಾಲಿನ ಕೆನೆ ಒರೆಸಿಕೊಂಡು ಬಂದು ಎರಡು ಸಲ ಕುಟ್ಟಿದ.

ಬಿಳಿ ಹಾಳೆ. ಪರದೆಯ ಮೇಲೂ ಏನೂ ಇಲ್ಲ. ಚಿತ್ರ ಕುಟ್ಟಿದರೆ ಸಂದೇಶ ತೋರಿಸುವ ಕಿಟಕಿಯೇ ತೆರೆಯುತ್ತಿರಲಿಲ್ಲ.

“ನಾ ಏನೂ ಮಾಡಿಲ್ರಿ,” ಎಂದು ಲಗಮಣ್ಣ ಎರಡೂ ಕೈ ಮೇಲೆತ್ತಿದ.

ಆಗ ಹನ್ನೆರಡೂಕಾಲು. ಕಟ್ಟೆಯ ಮೇಲೆ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಸಂಗವ್ವ. ಹಿಂಡನ್ನು ಎರಡು ಹರದಾರಿ ಆಚೆ ಅಮಸಿದ್ದನ ಹತ್ತಿರ ಬಿಟ್ಟು, ಮೈದುನ ಶಿದ್ರಾಯನನ್ನು ಕರೆದುಕೊಂಡು ಮುಂದಾಗಿ ಬಂದಿದ್ದಳು. ಶಿದ್ರಾಯನ ಹೆಗಲ ಮೇಲೆ ರೊಟ್ಟಿಯ ಗಂಟು.

“ಈ ಸಲನೂ ಬಾಟ್ಲಿ ನಮ್ಮತನಕಾ ಬರೂದಿಲ್ಲೇನ? ಅದನ್ನ ಕೇಳಿ ಹೋಗಾಕ ಬಂದೆ,” ಎಂದಳು. ಬಿಳಿ ಹಾಳೆ ನನ್ನ ಕೈಯಲ್ಲಿತ್ತು. ಬೆನ್ನ ಹಿಂದೆ ಹಿಡಿದುಕೊಂಡೆ. ಅವಳು ನೋಡಿಯಾಗಿತ್ತು.

“ಕುಂದ್ರಿ ಸಂಗವ್ವಾರ,” ಎಂದಳು ರುಕ್ಸಾರ, ಪರದೆಯಿಂದ ಕಣ್ಣು ತೆಗೆಯದೆ. “ಇಲ್ಲೊಂದು ಹುಡಕಾಟ ನಡದೈತಿ. ಸಾಣಿಗಿ ಕಳದೈತಿ.”

“ಸಾಣಿಗಿ ಅಡಗಿಮನ್ಯಾಗ ನೋಡಬೇಕ ತಂಗಿ, ಟೀವ್ಯಾಗ ಏನ ನೋಡತಿ?”

ಲಗಮಣ್ಣ ನಕ್ಕ. ರುಕ್ಸಾರಳೂ ನಕ್ಕಳು, ಆದರೆ ಉತ್ತರ ಕೊಟ್ಟಳು. ಇದು ಅವಳಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗಿದ್ದ ಗುಣ: ಕೇಳಿದವರು ಯಾರೇ ಆಗಲಿ, ನಿಮಗೆ ತಿಳಿಯುವುದಿಲ್ಲ ಎಂದು ಒಮ್ಮೆಯೂ ಹೇಳಿದವಳಲ್ಲ. ಕಾಗದದ ಮೇಲೆ ಚೌಕ ಬರೆದು ತೋರಿಸಿದಳು. ಒಳಗೆ ಒಂದು ಜಾಗದಲ್ಲಿ ಯಾದಿ, ಅದರ ಮಗ್ಗುಲಲ್ಲೇ ಸಾಣಿಗಿ. ಹೊರಗೆ ಇಲ್ಲೊಂದು ಗುರುತು. ಗುರುತು ಕುಟ್ಟಿದರೆ ಯಾದಿ ಏಳುತ್ತದೆ, ಆದರೆ ಸಾಣಿಗಿ ಸಿಗುವುದಿಲ್ಲ. ಎಲ್ಲಿ ಹುಡುಕುತ್ತಿದೆಯೋ ಗೊತ್ತಿಲ್ಲ.

ಸಂಗವ್ವ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, “ಏ ಶಿದ್ರಾಯಾ, ನಿನ್ನ ಕತಿ ಈ ಡಬ್ಬ್ಯಾಗೂ ಐತೆಲೋ!” ಎಂದಳು.

“ಬ್ಯಾಡ ವೈನಿ,” ಎಂದ ಶಿದ್ರಾಯ. ಮೂವತ್ತರ ಮೀಸೆಯ ಗಂಡಸು, ಕಿವಿ ಕೆಂಪಗಾದವು.

“ಯಾಕ ಬ್ಯಾಡ? ಕೇಳ ತಂಗಿ. ನಾವು ತಾಣಾ ಬಿಟ್ಟು ಮುಂದ ಹೋಗಬೇಕಾದ್ರ ಅಲ್ಲಿ ಮೂರ ಕಲ್ಲ ಇಟ್ಟು, ಕಾರಿಕಂಟಿ ಟೊಂಗಿ ಸಿಗಸಿ ಹೋಗತೀವಿ. ಸನ್ನಿಗಲ್ಲ ಅಂತೀವಿ. ಹಿಂದ ಬುತ್ತಿ ತರಾವ್ರಿಗೆ ಗೊತ್ತಾಗಲಿ, ಟೊಂಗಿ ಯಾ ಕಡೆ ಐತಿ ಆ ಕಡೆ ಹೋಗ್ಯಾರ ಅಂತ. ಇಂವ ಹದಿನೆಂಟ ವರ್ಷದಾಂವ ಇದ್ದ. ಬುತ್ತಿ ಕೊಟ್ಟು, ‘ಸನ್ನಿಗಲ್ಲ ಇದ್ದಲ್ಲಿ ಹೋಗು, ಬಾಜೂಕ ನಾಯಿ ಇರತೈತಿ, ಕರಿ, ಅದು ಕರಕೊಂಡ ಬರತೈತಿ’ ಅಂತ ಅವರಪ್ಪ ಕಳಿಸ್ಯಾನ. ಇಂವ ಕಲ್ಲ ಮುಂದ ಕುಂತು ನಾಯಿ ಕರದಾನ. ಮಧ್ಯಾಹ್ನತನಕಾ ಕರದಾನ! ನಾಯಿ ಕಲ್ಲ ಬಾಜೂಕ ಯಾಕಿರತೈತೋ ಹುಚ್ಚಪ್ಪಾ, ಕುರಿ ಬಾಜೂಕ ಇರತೈತಿ. ನಾವು ಆ ಕಡೆ ಉಪಾಸ, ಈ ಕಡೆ ಇಂವ ಬುತ್ತಿ ಬಿಚ್ಚಿ ತಿಂದಾನ.”

“ಅರ್ಧಾನ ತಿಂದಿದ್ದೆ,” ಎಂದ ಶಿದ್ರಾಯ.

ಲಗಮಣ್ಣ ಹೊಟ್ಟೆ ಹಿಡಿದುಕೊಂಡ. ರುಕ್ಸಾರ ಮಾತ್ರ ನಗು ಅರ್ಧಕ್ಕೆ ನಿಲ್ಲಿಸಿ ಪರದೆಯ ಮೇಲಿನ ಚಿತ್ರವನ್ನೇ ನೋಡುತ್ತ ಕೂತಳು.

“ಅಕ್ಕಾರ,” ಎಂದಳು ನಿಧಾನವಾಗಿ, “ಈ ಚಿತ್ರ ಸನ್ನಿಗಲ್ಲ. ನಾನು ಯಾದಿಗೆ ಏನ ಬರದೀನಿ? ನಿನ್ನ ಯಾವ ಹೆಸರಿನಿಂದ ಕರದ್ರೋ ಅದರ ಬಾಜೂಕ ಹುಡುಕು ಅಂತ. ಲಗಮಣ್ಣಾರು ಕರದಿದ್ದು ಕಲ್ಲಿನ ಹೆಸರಿನಿಂದ. ಯಾದಿ ಕಲ್ಲ ಮುಂದ ಕುಂತು ನಾಯಿ ಕರಿಯಾಕತ್ತೈತಿ.”

ಆಮೇಲೆ ಸಂಗವ್ವನ ಕಡೆ ಪೂರ್ತಿ ತಿರುಗಿದಳು. “ಕಲ್ಲ ಸಿಕ್ಕ ಮ್ಯಾಲ ಹೆಂಗ ಹೋಗತೀರಿ? ಆ ಕಡೆ ಹ್ವಾದ್ರ ಅಲ್ಲೇ ಕುರಿ ಇರತಾವು?”

“ಇರಬಹುದು. ಮತ್ತ ಮುಂದ ಹೋಗಿದ್ರ ಅಲ್ಲಿ ಮತ್ತೊಂದ ಕಲ್ಲ ಇರತೈತಿ. ಕಲ್ಲ ಇರೂತನಕಾ ನಡೀಬೇಕು. ಕಲ್ಲ ಇಲ್ಲ, ಕುರಿ ಅದಾವು ಅಂದ್ರ ನಿಂದರಬೇಕು.” ಸ್ವಲ್ಪ ತಡೆದು ಸೇರಿಸಿದಳು: “ಮತ್ತೊಂದು. ಟೊಂಗಿ ದಿಕ್ಕ ಹೇಳೂದು ಕಲ್ಲ ಇದ್ದ ಜಾಗಾದಿಂದ. ದೂರ ನಿಂತು ನೋಡಿ, ನೀ ನಿಂತಲ್ಲಿಂದ ಆ ದಿಕ್ಕ ಹಿಡದೀ, ತಪ್ಪಿದಿ. ಕಲ್ಲ ತನಕಾ ಹೋಗಿ ಅಲ್ಲಿಂದ ಹಿಡೀಬೇಕು.”

ರುಕ್ಸಾರ ಪುಸ್ತಕ ತೆರೆದು, ಜೋಳದ ಸಿಬರು ಸಿಕ್ಕಿಸಿದ್ದ ಒಂದು ಪುಟಕ್ಕೆ ಹೋದಳು. ನಾನು ಗಡಿಯಾರ ನೋಡಿದೆ. ಹನ್ನೆರಡೂ ಮುಕ್ಕಾಲು. ಅವಳು ಬರೆಯುವುದನ್ನು ಅವಳ ಹೆಗಲ ಹಿಂದೆ ನಿಂತು ಓದಿದೆ. ಏಳೆಂಟು ಸಾಲು ಅಷ್ಟೇ. ನಿನ್ನನ್ನು ಕರೆದ ಹೆಸರು ಗುರುತೋ, ನಿಜವಾದ ಕಡತವೋ? ಗುರುತಾಗಿದ್ದರೆ ಅದು ತೋರಿಸುವ ಜಾಗಕ್ಕೆ ಹೋಗು. ದಿಕ್ಕನ್ನು ಗುರುತು ಇರುವಲ್ಲಿಂದಲೇ ಹಿಡಿ. ಅಲ್ಲಿ ಮತ್ತೆ ಅದೇ ಪ್ರಶ್ನೆ ಕೇಳು. ಗುರುತು ಅಲ್ಲ ಎನ್ನುವತನಕ ನಡೆ. ಅಲ್ಲಿ ನಿಲ್ಲು, ಅದು ನಿನ್ನ ಸ್ವಂತ ಜಾಗ. ಪಕ್ಕದಲ್ಲಿ ಸಾಣಿಗಿ ಇರುತ್ತದೆ.

ಸಂಗವ್ವ ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹನ್ನೆರಡು ವರ್ಷ ಶಾಲೆ, ಮೂರು ವರ್ಷ ಕಾಲೇಜು ಓದಿದ ನಾನು ಅವಳ ಕಥೆಯಲ್ಲಿ ನಗೆಯನ್ನಷ್ಟೇ ಕೇಳಿದ್ದೆ.

ಲಗಮಣ್ಣ ಕುಟ್ಟಿದ. ಪ್ರಿಂಟರು ಗೊರಗುಟ್ಟಿತು. ತಲೆಬರಹ, ಅದರ ಕೆಳಗೆ ಪರೀಕ್ಷೆಗೆಂದು ತುಂಬಿದ್ದ ನಂಬರುಗಳು ಸಾಲಾಗಿ.

“ಸಿಕ್ತೇನ ನಾಯಿ?” ಎಂದಳು ಸಂಗವ್ವ.

ಅಲ್ಲಿಗೇ ಎದ್ದುಬಿಡಬಹುದಿತ್ತು. ನನ್ನಿಂದ ಆಗಲಿಲ್ಲ. ಮುಚ್ಚಂಡಿಯ ಬಿಳಿ ಹಾಳೆ ಡಾಕ್ಟರ ಕಿಸೆಗೆ ಹೋದದ್ದು ಕಣ್ಣ ಮುಂದೆ ಇತ್ತು. “ರುಕ್ಸಾರ, ಸಿಗದಿದ್ದರೆ ಏನು ಮಾಡುತ್ತದೆ?” ಎಂದೆ.

“ಸಿಗತೈತ್ರಿ ಈಗ.”

“ಸಿಗದಿದ್ದರೆ?”

ಅವಳು ಯಾದಿಯ ಸಾಲುಗಳನ್ನು ಮೇಲಿನಿಂದ ಬೆರಳಿಟ್ಟು ಓದಿದಳು. “ತಲಿಬರಹ ಹೊಡದು ಖಾಲಿ ಹಾಳಿ ಕೊಡತೈತಿ.”

“ಖಾಲಿ ಹಾಳೆ ಎಂದರೆ ಡಾಕ್ಟರಿಗೆ ಯಾರೂ ಬಾಕಿ ಇಲ್ಲ ಎಂದರ್ಥ. ಅದಕ್ಕಿಂತ ಹಾಳೆಯೇ ಬರದಿರಲಿ. ಇಲ್ಲವೆ ದೊಡ್ಡ ಅಕ್ಷರದಲ್ಲಿ ಹೇಳಲಿ, ಸಾಣಿಗಿ ಸಿಗಲಿಲ್ಲ, ಇಂಥ ಜಾಗದಲ್ಲಿ ಹುಡುಕಿದೆ, ಬಾಕಿ ಇಲ್ಲವೆಂದು ತಿಳಿಯಬೇಡಿ, ಸಂಖದ ಬೂತಿಗೆ ಫೋನ್ ಮಾಡಿ ಸುಮನ ಅವರನ್ನು ಕರೆಸಿ ಅಂತ. ನನ್ನ ಹೆಸರೇ ಇರಲಿ.”

ಬೇರೆ ಯಾರಾದರೂ ಆಗಿದ್ದರೆ ಸಾಕು ಬಿಡಿ ಎನ್ನುತ್ತಿದ್ದರು. ಮನೆಯಲ್ಲಿ ನನಗೆ ಎಲ್ಲರೂ ಹಾಗೆಯೇ ಹೇಳುವುದು. ಅವಳು “ಖರೇ ಐತಿ” ಎಂದು ಮತ್ತೆ ಕೂತಳು. ತಲೆಬರಹಕ್ಕಿಂತ ಮೊದಲೇ ಸಾಣಿಗಿಯನ್ನು ಹುಡುಕುವ ಹಾಗೆ ಸಾಲುಗಳನ್ನು ಮೇಲೆ ಕೆಳಗೆ ಮಾಡಿದಳು. ಸಿಗದಿದ್ದರೆ ನಾನು ಹೇಳಿದ ಮಾತೇ ಹಾಳೆಯ ಮೇಲೆ ಅಚ್ಚಾಗಿ ಕೆಲಸ ಅಲ್ಲಿಗೇ ನಿಲ್ಲಬೇಕು. ನಾನು ಸಾಣಿಗಿಯ ಹೆಸರು ಬದಲಿಸಿ ಪರೀಕ್ಷೆ ಮಾಡಿದೆ. ದೊಡ್ಡ ಅಕ್ಷರದ ಹಾಳೆ ಬಂತು. ಮತ್ತೆ ಹೆಸರು ಸರಿಮಾಡಿದೆ. ಮೂರು ಸಲ ಓದಿ ನೋಡಿದೆ.

ಆಮೇಲೆ ನನ್ನ ತಲೆಗೆ ಇನ್ನೊಂದು ಬಂತು. ಜನ ಕೋಣೆಗಳಿಗೆ ಹೆಸರಿಡುವಾಗ ನಡುವೆ ಜಾಗ ಬಿಟ್ಟು ಎರಡು ಪದ ಬರೆಯುತ್ತಾರೆ. ಹಾಗೊಂದು ಕೋಣೆ ಮಾಡಿ ಯಾದಿ, ಸಾಣಿಗಿಯ ಇಡೀ ಗಂಟನ್ನು ಅದರೊಳಗೆ ಸರಿಸಿ ಓಡಿಸಿದೆ. ಕೆಟ್ಟಿತು! ಯಾದಿ ಎರಡು ಪದವನ್ನು ಎರಡು ಜಾಗ ಎಂದು ತಿಳಿದಿತ್ತು. ಸಮಯ ಒಂದು ಇಪ್ಪತ್ತು. ರುಕ್ಸಾರ ಉಸಿರು ಬಿಟ್ಟಳು, ಹೆಸರು ಬರುವ ಪ್ರತಿ ಕಡೆ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದಳು. ಓಡಿಸಿದಳು. ಬಂತು. ಗಂಟನ್ನು ಮೊದಲಿದ್ದ ಜಾಗಕ್ಕೇ ಸರಿಸಿ ಚಿತ್ರವನ್ನು ಮತ್ತೊಮ್ಮೆ ಕುಟ್ಟಿದಳು. ಹಾಳೆ ಪೂರ್ತಿ ಹೊರಬಿದ್ದ ಮೇಲೆ ಕರೆಂಟು ಹೋಗಿ ಫ್ಯಾನು ನಿಧಾನವಾಗಿ ನಿಂತಿತು.

“ಅಕ್ಕಾರ,” ಎಂದಳು ಕತ್ತಲಾದ ಪರದೆಯ ಮುಂದೆ, “ನಿಮ್ಮಂಗ ಅಂಜಾವ್ರು ಒಬ್ಬರು ಬಾಜೂಕ ಇರಬೇಕ್ರಿ.”

ಹೊರಡುವಾಗ ಸಂಗವ್ವ ಕೇಳಿದಳು, “ನಾಳಿ ನೀವಿಬ್ರೂ ಇರಂಗಿಲ್ಲ?” ಇಲ್ಲ ಎಂದೆ. ಅವಳು ಲಗಮಣ್ಣನನ್ನು ಮೇಲಿಂದ ಕೆಳಗೆ ನೋಡಿದಳು.

ಗುರುವಾರ ಸಂಖದಲ್ಲಿ ಬೆಳಿಗ್ಗೆಯಿಂದ ದೂಳು, ಕುರಿಗಳ ಕೂಗು. ರುಕ್ಸಾರ ಬೇಲಿಯ ಹತ್ತಿರ ಕಿವಿ ಬಿಲ್ಲೆ ಓದುತ್ತಿದ್ದಳು, ನಾನು ಯಾದಿಯಲ್ಲಿ ಗುರುತು ಹಾಕುತ್ತಿದ್ದೆ. ಹನ್ನೆರಡಕ್ಕೆ ಎಸ್‌ಟಿಡಿ ಬೂತಿಗೆ ಹೋಗಿ ಹಾಲಿನ ಸಂಘಕ್ಕೆ ಫೋನು ಹಚ್ಚಿದೆ, ಎತ್ತಲಿಲ್ಲ. ಹನ್ನೆರಡೂ ಕಾಲಿಗೆ ಹಚ್ಚಿದೆ. ಅರ್ಧಕ್ಕೆ ಹಚ್ಚಿದೆ. ಬೂತಿನವನು ನನಗೆ ಸ್ಟೂಲು ಕೊಟ್ಟ. ಒಂದು ಗಂಟೆಗೆ ಲಗಮಣ್ಣ ಎತ್ತಿದ.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಾ ಒಂದ ಕೆಲಸಾ ಮಾಡೀನಿ.”

ಸ್ಟೂಲಿನಿಂದ ಎದ್ದೆ. “ಏನು ಮಾಡಿದಿರಿ?”

“ಆ ಪರದೆ ಮ್ಯಾಲ ಚಿತ್ರ ಭಾಳ ಆಗಿದ್ವು. ನಮ್ಮ ಹಾಲಿಂದು ಬ್ಯಾರೆ, ನಿಮ್ಮ ಕುರಿದು ಬ್ಯಾರೆ ಇರ್ಲಿ ಅಂತ ‘ಡಾಕ್ಟರ್ ಸಾಹೇಬ’ ಅಂತೊಂದು ಕೋಣಿ ಮಾಡಿ, ಆ ಗುರುತ ಅದರಾಗ ಹಾಕಿ, ಹೆಸರೂ ಬದಲಿ ಮಾಡೀನಿ. ಸ್ವಚ್ಛ ಕಾಣತೈತಿ ಈಗ.”

ಎರಡು ಪದದ ಹೆಸರು. ಜಾಗ ಬದಲು. ಹೆಸರೂ ಬದಲು. “ಲಗಮಣ್ಣ, ಹಾಳೆ ಬಂತೇ?”

“ಬರಲಾರದ ಏನ್ರಿ? ಎರಡ ಹಾಳಿ ಬಂದ್ವು. ಡಾಕ್ಟರು ಆಗ್ಲೇ ಸೂಜಿ ಚಾಲೂ ಮಾಡ್ಯಾರ. ಗದ್ಲ ಕೇಳಸ್ತೈತಿ ನೋಡ್ರಿ.” ಫೋನನ್ನು ಕಿಟಕಿಯ ಕಡೆ ಹಿಡಿದನೆಂದು ತೋರುತ್ತದೆ. ಮರಿಗಳು ಕೂಗುತ್ತಿದ್ದವು, ಯಾರೋ ನಂಬರು ಓದುತ್ತಿದ್ದರು.

“ಸಂಗವ್ವನವು ಎಷ್ಟು?”

“ಅರವತ್ತೊಂದ ಮರಿ, ದೊಡ್ಡವು ಬ್ಯಾರೆ. ಆಕಿ ಹಾಳಿ ಕೈಯಾಗ ಹಿಡಕೊಂಡು ಡಾಕ್ಟರ ಬೆನ್ನ ಹಿಂದನ ನಿಂತಾಳ. ಓದಾಕ ಬರಂಗಿಲ್ಲ, ಬಿಡೂದಿಲ್ಲ.”

ಬೇಲಿಯ ಹತ್ತಿರ ಹೋಗಿ ರುಕ್ಸಾರಳಿಗೆ ಎಲ್ಲ ಹೇಳಿದೆ. ಅವಳ ಕೈಯಲ್ಲಿ ಒಂದು ಕುರಿಯ ಕಿವಿ ಇತ್ತು, ಮೂಗಿನ ಮೇಲೆ ದೂಳು. “ಎರಡ ಪದದ ಹೆಸರಿಟ್ಟಾರ?” ಎಂದು ಕೇಳಿ, ನನ್ನನ್ನು ನೋಡಿ ದೊಡ್ಡದಾಗಿ ನಕ್ಕಳು. ಆಮೇಲೆ ಮುಂದಿನ ನಂಬರು ಓದಿದಳು.

ಯುಗಾದಿ ಕಳೆದ ವಾರ ಸಂಗವ್ವ ಜತ್ತಕ್ಕೆ ಬಂದಳು. ಉಣ್ಣೆ ಕತ್ತರಿಗಳನ್ನು ಗುಲಾಬನ ಸಾಣೆಗೆ ಕೊಟ್ಟು, ಅವು ಹರಿತವಾಗುವಷ್ಟರಲ್ಲಿ ನಮ್ಮ ಮೆಟ್ಟಿಲು ಹತ್ತಿದ್ದಳು. ನಾನು ದಾಖಲೆಯ ಪುಸ್ತಕ ತೆರೆದೆ. ಅವಳ ಹಿಂಡಿನ ಪುಟಕ್ಕೆ ಹೋದೆ, ಕೇಳಲು ಅಂಜಿದೆ.

“ಅರವತ್ತೊಂದ ಹೋಗಿದ್ವು,” ಎಂದಳು ಅವಳೇ. “ಐವತ್ತೊಂಬತ್ತ ಬಂದಾವು. ಎರಡ ತ್ವಾಳ ಒಯ್ತು.”

“ಮೂಗು ಸೋರಿದ್ದು?”

“ಒಂದೂ ಇಲ್ಲ.” ಈ ಸಲ ಎದ್ದು ಹೋಗಲಿಲ್ಲ. ಸೆರಗಿನಿಂದ ಗಂಟು ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಮೇಜಿನ ಮೇಲಿಟ್ಟಳು. ಕಂಪ್ಯೂಟರಿನ ಮುಂದೆ ಕೂತಿದ್ದ ರುಕ್ಸಾರಳ ಬೆನ್ನಿಗೆ ಒಂದು ಏಟು ಹಾಕಿ, “ಏನ ಗುಲಾಬನ ಮಗಳ, ನಿನ್ನ ನಾಯಿ ಎಲ್ಲೈತಿ ಈಗ?” ಎಂದು ಕೇಳಿದಳು.

“ಕುರಿ ಬಾಜೂಕ ಐತ್ರಿ,” ಎಂದಳು ರುಕ್ಸಾರ, ತಿರುಗಿ ರೊಟ್ಟಿ ಮುರಿಯುತ್ತ. ಕೆಳಗೆ ಶಿದ್ರಾಯ ಕತ್ತರಿ ತಯಾರಾದವೆಂದು ಕೂಗುತ್ತಿದ್ದ. ಅವನ ಪಾಲಿನ ಅರ್ಧ ರೊಟ್ಟಿಯನ್ನು ನಾನು ಕಾಗದದಲ್ಲಿ ಸುತ್ತಿ ಬೇರೆ ಇಟ್ಟೆ.